ಬೆಟ್ಟದ ಶಿಲ್ಕು

ಸೋದರಮಾವನ ಮಳೆ ಪುಸ್ತಕದಲ್ಲಿ 1979ರ ಸೆಪ್ಟೆಂಬರ್ 9ರ ಎದುರು ಅಂಕಿ ಇಲ್ಲ, ಒಂದು ಅಡ್ಡಗೆರೆ ಇದೆ. ಮರುದಿನ ಸೋಮವಾರದ ಎದುರು ‘ಎರಡು ದಿನದ್ದು ಒಟ್ಟಿಗೆ’ ಎಂದು ತಮ್ಮ ಓರೆ ಅಕ್ಷರದಲ್ಲಿ ಬರೆದು ಅಳತೆ ನಮೂದಿಸಿದ್ದಾರೆ. ಅದರ ಕೆಳಗೆ, ಮಳೆಗೆ ಏನೇನೂ ಸಂಬಂಧವಿಲ್ಲದ ಇನ್ನೊಂದು ಸಾಲು: ‘ಶೂ ಒಂದು, ಖರ್ಚು.’

ಇಪ್ಪತ್ತೆಂಟು ವರ್ಷಗಳ ಪುಸ್ತಕಗಳಲ್ಲಿ ಇಂಥ ಗೆರೆಗಳು ಬೆರಳೆಣಿಕೆಯಷ್ಟು. ಒಂದು ಅವರ ಮದುವೆಯ ದಿನದ್ದು. ಒಂದು ಅಜ್ಜಿ ತೀರಿಕೊಂಡ ದಿನದ್ದು. ಮಾವನಿಗೆ ಟೈಫಾಯಿಡ್ ಬಂದಾಗ ಅತ್ತೆಯೇ ಕೊಡೆ ಹಿಡಿದು ಹೋಗಿ ಅಳೆದು ಬಂದಿದ್ದರಿಂದ ಅಲ್ಲಿ ಗೆರೆಯಿಲ್ಲ, ಬೇರೆ ಕೈಬರಹವಿದೆ. ಸೆಪ್ಟೆಂಬರ್ 9ರ ಗೆರೆ ಮಾತ್ರ ನನ್ನಿಂದಾದದ್ದು.

ಮಾವ ಮೂರ್ನಾಡಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಗೊಬ್ಬರದ ಚೀಲ, ಕೊಯ್ಲಿನ ತೂಕ ಎಲ್ಲ ಅವರ ಪುಸ್ತಕದಲ್ಲಿ. ಇವೆಲ್ಲಕ್ಕಿಂತ ಮೊದಲು, ಬೆಳಿಗ್ಗೆ ಎಂಟಕ್ಕೆ, ಬಂಗಲೆಯ ಮುಂದಿನ ಹುಲ್ಲಿನಲ್ಲಿ ಅರ್ಧ ಹೂತಿಟ್ಟ ತಾಮ್ರದ ಮಳೆಮಾಪಕ. ಆಲಿಕೆ ಎತ್ತಿ, ಒಳಗಿನ ನೀರನ್ನು ಗೀಟು ಎಳೆದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಓದಿದ ಮೇಲೆ ಆ ನೀರನ್ನು ಅವರು ಚೆಲ್ಲುತ್ತಿರಲಿಲ್ಲ. ಪಕ್ಕದ ದಾಸವಾಳದ ಬುಡಕ್ಕೆ ಹಾಕುತ್ತಿದ್ದರು. ಜಡಿಮಳೆಯಲ್ಲಿ ತೊಯ್ದು ನಿಂತ ಗಿಡಕ್ಕೆ ಮತ್ತೆ ಅರ್ಧ ಲೋಟ ನೀರು! ನಾನು ನಕ್ಕರೆ, ‘ಲೆಕ್ಕ ಆದ ಮೇಲೆ ಅದರದ್ದು ಅದಕ್ಕೆ ಸೇರಬೇಕು’ ಎನ್ನುತ್ತಿದ್ದರು.

ನಮ್ಮ ಕಡೆ ಮಳೆಗಾಲದ ಮಾತೆಲ್ಲ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಅಂಗಡಿಯ ಜಗಲಿಯಲ್ಲಿ ಕೊಡೆ ಕೊಡವುತ್ತಾ ಒಬ್ಬರು, ‘ನಿಮ್ಮಲ್ಲೆಷ್ಟು?’ ಎನ್ನುತ್ತಾರೆ. ‘ಒಂದೂ ನಲವತ್ತು.’ ‘ನಮ್ಮಲ್ಲಿ ಬರೇ ಎಂಬತ್ತು ಸೆಂಟು.’ ಕೇಳಿಸಿಕೊಂಡ ಹೊಸಬರಿಗೆ ಇವರು ಜಾಗದ ವ್ಯಾಪಾರ ಮಾಡುತ್ತಿದ್ದಾರೆ ಅನ್ನಿಸಬೇಕು. ಮಾರ್ಚ್–ಏಪ್ರಿಲಿನ ಹೂಮಳೆ ಒಂದು ಇಂಚು ಸರಿಯಾಗಿ ಬಿದ್ದರೆ ಮನೆಯಲ್ಲಿ ಮದುವೆಯ ಮಾತು ಏಳುತ್ತಿತ್ತು. ಮೂವತ್ತು ಸೆಂಟಿಗೆ ನಿಂತರೆ ಸಾಲದ ಮಾತು. ಹೂಮಳೆಯಾಗಿ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ನಿಲ್ಲದು. ಜೂನಿನ ನಂತರದ ಮಳೆಯನ್ನು ಯಾರೂ ಬಯಸಿ ಕೇಳುತ್ತಿರಲಿಲ್ಲ. ಅದು ತಾನಾಗಿ ಬರುತ್ತಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚಿನ ಮೇಲೆ. ಪಡುವಣಕ್ಕೆ, ಭಾಗಮಂಡಲದ ಕಡೆಗೆ ಹೋದಷ್ಟೂ ಜಾಸ್ತಿ.

ಮೂರ್ನಾಡು ಇರುವುದು ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ. ಅಲ್ಲಿಂದ ಒಂದು ಕವಲು ನಾಪೋಕ್ಲಿಗೆ. ವಿರಾಜಪೇಟೆಯ ಕಡೆ ಇಳಿದರೆ ಬೇತ್ರಿಯಲ್ಲಿ ಕಾವೇರಿ. ಇನ್ನೊಂದು ಬದಿಗೆ ಬಲಮುರಿ. ಅಗಸ್ತ್ಯನ ಮೇಲೆ ಮುನಿದು ಓಡಿದ ಕಾವೇರಿ ಬಲಕ್ಕೆ ಮುರಿದು ಹರಿದ ಜಾಗ ಅದು. ಆಕೆಯನ್ನು ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆಯನ್ನು ನೀರಿನ ರಭಸ ಹಿಂದಕ್ಕೆ ತಳ್ಳಿತಂತೆ, ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಇಡುವುದು ಆ ನೆನಪಿಗೆ. ನಮಗಾದರೋ ಕಾವೇರಿ ತೀರ್ಥವಾಗುವ ಮೊದಲು ರಸ್ತೆ ಬಂದ್ ಮಾಡುವ ಹೊಳೆ. ನಾಪೋಕ್ಲಿನ ಕಡೆಯ ಹುಡುಗರು ಮಳೆಗಾಲದಲ್ಲಿ ವಾರಗಟ್ಟಲೆ ಶಾಲೆಗೆ ಬಾರದಿದ್ದರೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ನನಗೆ ಆಗ ಹದಿಮೂರು. ಒಂದು ಜನವರಿಯಲ್ಲಿ ಬಲಮುರಿಯ ಬಂಡೆಯ ಮೇಲೆ ಕೂತು ಮಾವನನ್ನು ಕೇಳಿದ್ದೆ: ‘ಮಳೆ ನಿಂತು ಎರಡು ತಿಂಗಳಾಯ್ತಲ್ಲ, ಹೊಳೆಗೆ ನೀರೆಲ್ಲಿಂದ ಬರುತ್ತೆ?’ ತಲಕಾವೇರಿಯಿಂದ ಅಂದುಬಿಡಬಹುದಿತ್ತು. ಎಲ್ಲರೂ ಹಾಗೇ ಹೇಳುತ್ತಿದ್ದರು. ಮಾವ ಬೀಡಿ ಆರಿಸಿ, ‘ಮಳೆಗಾಲ ಮುಗಿಯುವ ಮುಂಚೆ ತೋರಿಸುತ್ತೇನೆ’ ಅಂದರು. ಅದನ್ನು ನಾನು ಮರೆತೂಬಿಟ್ಟೆ. ನನಗೆ ಬೇಕಾಗಿದ್ದದ್ದು ಬೇರೆ. ತಡಿಯಂಡಮೋಳಿನ ತುದಿಯಿಂದ ಸಮುದ್ರ ಕಾಣುತ್ತದೆ ಎಂದು ಕಕ್ಕಬ್ಬೆಯ ಹುಡುಗನೊಬ್ಬ ತರಗತಿಯಲ್ಲಿ ಜಂಬ ಕೊಚ್ಚಿದ್ದ. ಕೊಡಗಿನಲ್ಲೇ ಎತ್ತರದ ಬೆಟ್ಟ, 1,748 ಮೀಟರ್. ನಾನದನ್ನು ಹತ್ತಬೇಕಿತ್ತು.

ಕೈಲ್‌ಪೊಳ್ದ್ ಹಬ್ಬ ಮುಗಿದ ವಾರದ ಭಾನುವಾರ ಮೊದಲ ಬಸ್ಸಿಗೆ ಹೊರಟೆವು. ಅತ್ತೆ ಬಾಳೆಲೆಯಲ್ಲಿ ಅಕ್ಕಿ ಒಟ್ಟಿ, ಎಳ್ಳು ಪಜ್ಜಿ ಕಟ್ಟಿಕೊಟ್ಟಿದ್ದರು. ಮಾವ ಮೊಣಕಾಲವರೆಗಿನ ಗಮ್‌ಬೂಟು ಬಿಟ್ಟು ಬರಿಗಾಲಲ್ಲಿ ಬಂದರು. ನಾನು ಶಾಲೆಯ ಡ್ರಿಲ್ಲಿಗೆಂದು ಕೊಡಿಸಿದ್ದ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದೆ. ಬೆಟ್ಟ ಹತ್ತುವವರು ಶೂ ಹಾಕಿಕೊಳ್ಳಬೇಕು ಎಂದು ಎಲ್ಲೋ ಚಿತ್ರದಲ್ಲಿ ನೋಡಿದ್ದೆ. ಮಾವ ನನ್ನ ಕಾಲು ನೋಡಿದರು, ಏನೂ ಹೇಳಲಿಲ್ಲ.

ಕಕ್ಕಬ್ಬೆ ದಾಟಿ, ಏಲಕ್ಕಿ ಮಲೆಯ ನಡುವೆ ನಡೆದು ನಾಲ್ಕುನಾಡು ಅರಮನೆ ತಲುಪಿದಾಗ ಮಳೆ ಸಣ್ಣಗೆ ಹನಿಯುತ್ತಿತ್ತು. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆ. ಅರಮನೆ ಎಂದರೆ ಮೈಸೂರಿನದ್ದು ಎಂದುಕೊಂಡಿದ್ದ ನನಗೆ ಹೆಂಚಿನ ಆ ದೊಡ್ಡ ಮನೆ ನಿರಾಸೆ ತಂದಿತು. 1834ರಲ್ಲಿ ಬ್ರಿಟಿಷರು ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಶರಣಾಗುವ ಮುನ್ನ ಬಂದು ಕೂತದ್ದು ಇಲ್ಲೇ. ಮಾವ ಕಾಲ ಬೆರಳ ಸಂದಿಯಿಂದ ಒಂದು ಜಿಗಣೆ ಕಿತ್ತು ಎಸೆಯುತ್ತಾ, ‘ರಾಜ ಒಳ್ಳೇ ಜಾಗ ಹುಡುಕಿದ್ದ. ಕಾವಲಿಗೆ ಸಂಬಳ ಕೊಡಬೇಕಾಗಿಲ್ಲ’ ಅಂದರು.

ಜಿಗಣೆಗೆ ನಮ್ಮ ಬಳಿ ಆಯುಧವಿತ್ತು. ಉಪ್ಪು, ಹೊಗೆಸೊಪ್ಪಿನ ಪುಡಿ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದದ್ದು. ಒದ್ದೆ ಮಾಡಿ ಮುಟ್ಟಿಸಿದರೆ ಸಾಕು, ಸುರುಟಿಕೊಂಡು ಬೀಳುತ್ತವೆ. ಬರಿಗಾಲಿನ ಮಾವನಿಗೆ ಹತ್ತಿದ್ದು ಕಣ್ಣಿಗೆ ಕಾಣುತ್ತಿತ್ತು, ತೆಗೆಯುತ್ತಿದ್ದರು. ಶೂ ಒಳಗೆ ಸೇರಿದವು ನನಗೆ ಕಾಣಲಿಲ್ಲ. ಕಾಡು ದಾಟಿ ಹುಲ್ಲಿಗೆ ಬಂದಾಗ ಬಿಳಿ ಶೂಗಳ ಅಂಚು ಕೆಂಪಾಗಿತ್ತು.

ಹುಲ್ಲುಗಾವಲು ತೆರೆದುಕೊಂಡ ಕಡೆ ಸದ್ದೇ ಇಲ್ಲ. ಕಾಡಿನೊಳಗೆ ಎಲೆಯಿಂದ ಎಲೆಗೆ ತೊಟ್ಟಿಕ್ಕುವ ನೀರಿನ ಗದ್ದಲವಿತ್ತು. ಇಲ್ಲಿ ಮಂಜು ಅದನ್ನೂ ನುಂಗಿತ್ತು. ಹತ್ತು ಮಾರಿನಾಚೆ ಏನೂ ಕಾಣದು. ಮಂಜು ಒಮ್ಮೊಮ್ಮೆ ಸರಿದಾಗ ಮಾತ್ರ ಎದುರಿಗೆ ಗುಡ್ಡದ ಮಡಿಕೆಗಳಲ್ಲಿ ಶೋಲಾ ಕಾಡು ಕಪ್ಪಗೆ ಕೂತದ್ದು ಕಾಣುತ್ತಿತ್ತು, ಕಂಬಳಿ ಕೊಪ್ಪೆ ಹೊದ್ದವರ ಹಾಗೆ. ಮಾವ ದಾರಿ ಬಿಟ್ಟು ಎಡಕ್ಕೆ ಇಳಿಯತೊಡಗಿದರು. ‘ತುದಿ ಆ ಕಡೆಯಲ್ವಾ?’ ಎಂದೆ. ‘ತುದಿ ಎಲ್ಲೂ ಓಡಿಹೋಗಲ್ಲ, ಬಾ.’

ಇಳಿದದ್ದು ಎರಡು ಗುಡ್ಡಗಳ ನಡುವಿನ ಒಂದು ಹಡ್ಲಿಗೆ. ನೋಡಿದರೆ ಆಟದ ಮೈದಾನದಂತೆ ಸಪಾಟು, ಸುತ್ತಲಿಗಿಂತ ಹಸಿರು. ಗುಂಡಿಯಂತೆ ತಲೆಯಿರುವ ಬಿಳಿ ಹುಲ್ಲುಹೂ, ನೆಲಕ್ಕೆ ಅಂಟಿದ ನೀಲಿ ಚುಕ್ಕೆಯಂಥ ಹೂಗಳು, ಮತ್ತೆ ಕೆಂಪು ರೋಮದ ತುದಿಯಲ್ಲಿ ಅಂಟು ಹನಿ ಹೊತ್ತು ಹುಳಕ್ಕೆ ಕಾಯುವ ಪುಟ್ಟ ಗಿಡಗಳು. ಈ ಕೊನೆಯದರ ಹೆಸರು ಡ್ರೊಸೆರಾ ಎಂದು ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಸಾರವಿಲ್ಲದ ಜೌಗು ನೆಲದಲ್ಲಿ ಬೇರಿಗೆ ಸಿಗದ ಊಟವನ್ನು ಅದು ಎಲೆಯಿಂದ ಹಿಡಿದು ತಿನ್ನುತ್ತದೆ. ನನಗೆ ಆಗ ಕಂಡದ್ದು ಮೈದಾನ. ಓಡಿದೆ.

ಆರನೆಯದೋ ಏಳನೆಯದೋ ಹೆಜ್ಜೆಗೆ ನೆಲ ಬಾಯಿ ಬಿಟ್ಟಿತು. ಎಡಗಾಲು ಮೊಣಕಾಲಿನ ತನಕ ಒಳಗೆ. ಹೆದರಿ ಜಗ್ಗಿದೆ. ಕಾಲು ಬಂತು, ಶೂ ಬರಲಿಲ್ಲ. ಅದು ಬಿಟ್ಟ ಗುಂಡಿಯಲ್ಲಿ ‘ಗುಳಕ್’ ಎಂದು ಕಪ್ಪು ನೀರು ತುಂಬಿಕೊಂಡಿತು. ಮಾವ ಹುಲ್ಲಿನ ಬುಡಗಳ ಮೇಲೆ ಮಾತ್ರ ಹೆಜ್ಜೆಯಿಟ್ಟು ನಿಧಾನ ಬಂದು, ಅಂಗಿ ತೋಳು ಮಡಚಿ, ಭುಜದ ತನಕ ಕೈ ಇಳಿಬಿಟ್ಟು ಹುಡುಕಿದರು. ತಳ ಸಿಗಲಿಲ್ಲ. ಅತ್ತ ಇತ್ತ ಬೆರಳಾಡಿಸಿ ಕೈ ತೆಗೆದರು. ಮಸಿಯಂಥ ಕೆಸರು ಕೈಯಿಂದ ಇಳಿಯುತ್ತಿರುವಾಗ ಅವರು ಹೇಳಿದ್ದನ್ನು ಮುಂದೆ ನಾನು ಎಷ್ಟೋ ಸಲ ಎಷ್ಟೋ ಕಡೆ ನೆನೆದಿದ್ದೇನೆ: ‘ಹೂತಾಗ ಎಳೆಯಬಾರದು. ಎಳೆದರೆ ಅದೂ ಎಳೆಯುತ್ತೆ. ನಿಲ್ಲು. ಹಿಮ್ಮಡಿ ಅಲ್ಲಾಡಿಸು, ಪಕ್ಕದಿಂದ ನೀರು ಇಳಿಯಲಿ. ಆಮೇಲೆ ಅದೇ ಬಿಡುತ್ತೆ.’

ಶೂ ಹೋದದ್ದಕ್ಕೆ ಅಳು ಬರುತ್ತಿತ್ತು. ಅಮ್ಮನಿಗೆ ಏನು ಹೇಳುವುದು, ಸೋಮವಾರದ ಡ್ರಿಲ್ಲಿಗೆ ಏನು ಮಾಡುವುದು. ಹಡ್ಲಿನ ಕೆಳಗಿನ ಅಂಚಿನಲ್ಲಿ ಒಂದು ಬಂಡೆಯಿತ್ತು. ಅಲ್ಲಿ ಕೂತು ಬುತ್ತಿ ಬಿಚ್ಚಿದೆವು. ಬಂಡೆಯ ಬುಡದಿಂದ ಬೆರಳಷ್ಟು ದಪ್ಪದ ಒಂದು ಒಸರು ಹೊರಡುತ್ತಿತ್ತು. ಕೆಸರಿನಿಂದ ಬಂದದ್ದಾದರೂ ಕನ್ನಡಿಯಂತೆ ತಿಳಿ. ಮಾವ ಬೊಗಸೆಯಲ್ಲಿ ಹಿಡಿದು ಕುಡಿದರು.

‘ನೀನು ಜನವರಿಯಲ್ಲಿ ಕೇಳಿದ್ದೆಯಲ್ಲ, ಇದೇ ಅದು’ ಅಂದರು. ‘ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು ಗೊತ್ತಾ? ಇಪ್ಪತ್ತೆರಡು ಸಾವಿರ ಗ್ಯಾಲನ್ ಮೇಲೆ.’ ಇಂದಿನ ಲೆಕ್ಕದಲ್ಲಿ 1 ಲಕ್ಷ ಲೀಟರಿಗೂ ಹೆಚ್ಚು. ‘ಅಷ್ಟೂ ಒಂದೇ ದಿನ ಓಡಿಹೋದರೆ ನಾಪೋಕ್ಲು ಮುಳುಗುತ್ತೆ, ಫೆಬ್ರವರಿಗೆ ಹೊಳೆ ಒಣಗುತ್ತೆ. ನನ್ನ ಪುಸ್ತಕದಲ್ಲಿ ಇರೋದು ಬರೇ ಜಮಾ. ಬಿದ್ದದ್ದು ಬರೀತೇನೆ, ಅಷ್ಟೆ. ಶಿಲ್ಕು ಎಷ್ಟಿದೆ ಅನ್ನೋದು ಈ ಬೆಟ್ಟದ ಹತ್ತಿರ. ನೀನು ಕಾಲಿಟ್ಟದ್ದು ಶಿಲ್ಕಿನ ಪೆಟ್ಟಿಗೆಗೆ. ಶೂ ಹಿಡಿದಿಟ್ಟುಕೊಂಡಿತು, ಬಿಡು.’

ಅದು ನನಗೆ ಆಗ ತಮಾಷೆಯಾಗಿಯೂ ಕೇಳಿಸಲಿಲ್ಲ. ಕೂತಲ್ಲಿಂದಲೇ, ಮಂಜು ಸರಿದರೆ ದಿಬ್ಬದಾಚೆ ಬಿದ್ದ ಹನಿ ಕೇರಳಕ್ಕೆ ಇಳಿದು ಅರಬ್ಬಿ ಸೇರುತ್ತದೆ, ಈಚೆಯದು ಕಕ್ಕಬ್ಬೆ ಹೊಳೆಯಾಗಿ ಕಾವೇರಿಗೆ ಬಿದ್ದು ಕನ್ನಂಬಾಡಿ ದಾಟಿ ತಮಿಳುನಾಡಿನ ಗದ್ದೆಗಳಿಗೆ ಹೋಗುತ್ತದೆ ಎಂದು ಮಾವ ಕೈ ಬೀಸಿ ತೋರಿಸಿದರು. ತೋರಿಸಿದ ಕಡೆಯೆಲ್ಲ ಬಿಳಿ. ತುದಿಗೆ ಇನ್ನು ಮುಕ್ಕಾಲು ಗಂಟೆಯ ದಾರಿಯಿದೆ ಎನ್ನುವಾಗ ಗಾಳಿ ಜೋರಾಯಿತು. ಒಂದು ಕಾಲಲ್ಲಿ ಶೂ, ಇನ್ನೊಂದು ಬರಿಗಾಲು. ಮಾವ ಆಕಾಶ ನೋಡಿ ಇಳಿಯೋಣ ಎಂದರು. ಇಳಿದೆವು. ಉಳಿದ ಇನ್ನೊಂದು ಶೂವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮರುದಿನ ಶಾಲೆಯಲ್ಲಿ ಕಕ್ಕಬ್ಬೆಯ ಹುಡುಗ ಕೇಳಿದ, ‘ತುದಿ ಮುಟ್ಟಿದ್ಯಾ?’ ಮುಟ್ಟಿದೆ ಅಂದೆ. ‘ಸಮುದ್ರ?’ ಕಂಡಿತು ಅಂದೆ. ಬೆಳ್ಳಿಯ ಗೆರೆಯ ಹಾಗಿತ್ತು ಎಂದೂ ಸೇರಿಸಿದೆ. ಆತ ಒಂದು ಕ್ಷಣ ನನ್ನನ್ನೇ ನೋಡಿ ಸುಮ್ಮನಾದ. ಸೆಪ್ಟೆಂಬರಿನ ಆ ಮಂಜಿನಲ್ಲಿ ಸಮುದ್ರವಲ್ಲ, ಸ್ವಂತ ಕೋಲಿನ ತುದಿಯೂ ಕಾಣುವುದಿಲ್ಲ ಎಂದು ಬೆಟ್ಟದ ಬುಡದಲ್ಲೇ ಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಆಮೇಲೆ ತುದಿ ಮುಟ್ಟಿದ್ದೇನೆ, ಐದಾರು ಸಲ. ಕಾಲೇಜಿನ ಗೆಳೆಯರೊಂದಿಗೆ, ಮದುವೆಯಾದ ಹೊಸದರಲ್ಲಿ, ಕಚೇರಿಯವರನ್ನು ಕಟ್ಟಿಕೊಂಡು. ಒಂದು ಡಿಸೆಂಬರಿನಲ್ಲಿ ಸಮುದ್ರವೂ ಕಂಡಿತು. ನಾನು ಸುಳ್ಳಿಗೆ ಬಳಸಿದ್ದ ಬೆಳ್ಳಿ ಗೆರೆಯೇ ಸರಿಯಾದ ಹೋಲಿಕೆ ಎಂದು ತಿಳಿದು ಮುಜುಗರವಾಯಿತು. ಆದರೆ ಈ ಯಾವ ಹತ್ತುವಿಕೆಯೂ ಬಿಡಿಬಿಡಿಯಾಗಿ ನೆನಪಿಲ್ಲ. ತುದಿಗಳೆಲ್ಲ ಒಂದೇ ಥರ: ಗಾಳಿ, ಫೋಟೊ, ಇಳಿಯುವ ಅವಸರ. ಮುಟ್ಟದ ಆ ದಿನವೊಂದು ಮಾತ್ರ ಎಳೆ ಎಳೆಯಾಗಿ ಉಳಿದಿದೆ.

ಮಾವ 1996ರಲ್ಲಿ ತೀರಿಕೊಂಡರು. ಅತ್ತೆ ಪುಸ್ತಕಗಳ ಕಟ್ಟನ್ನೂ, ತೋಟದವರು ಬದಲಾಯಿಸಿ ಬಿಸಾಡಿದ್ದ ಹಳೆಯ ತಾಮ್ರದ ಮಳೆಮಾಪಕವನ್ನೂ ನನಗೆ ಕೊಟ್ಟರು. ಅಂದಿನಿಂದ ನನ್ನ ಅಂಗಳದಲ್ಲಿ ಬೆಳಿಗ್ಗೆ ಎಂಟರ ಕೆಲಸ ನನ್ನದು.

2016ರಲ್ಲಿ ಮಗಳನ್ನು ನೋಡಲು ವೇಲ್ಸ್‌ಗೆ ಹೋಗಿದ್ದೆ. ಕಡಲ ದಂಡೆಯ ಅಬೆರಿಸ್ಟ್‌ವಿತ್ ಎಂಬ ಊರಿನಲ್ಲಿ ಓದುತ್ತಿದ್ದಳು. ಅಲ್ಲಿಗೆ ಹತ್ತಿರದ ದೊಡ್ಡ ಬೆಟ್ಟ ಪಿಮ್ಲಿಮೊನ್, ಎತ್ತರ 752 ಮೀಟರ್. ನಮ್ಮ ತಲಕಾವೇರಿಯೇ 1,276 ಮೀಟರಿನ ಮೇಲಿದೆ. ಇದೇನು ಬೆಟ್ಟ ಎಂದುಕೊಂಡೇ ಹೊರಟೆ. ಕಾಲಿಟ್ಟ ಮೇಲೆ ಗೊತ್ತಾಯಿತು, ಇಡೀ ಬೆಟ್ಟವೇ ಹಡ್ಲು. ಮರವಿಲ್ಲ, ಬಂಡೆಯೂ ಕಡಿಮೆ, ಜನರಂತೂ ಇಲ್ಲವೇ ಇಲ್ಲ. ಕುರಿಗಳು, ಗಾಳಿ, ಹನಿಮಳೆ, ಪ್ರತಿ ಹೆಜ್ಜೆಗೂ ‘ಪಚಕ್’. ವೇಲ್ಸಿನವರ ಭಾಷೆಯಲ್ಲಿ ಇಂಥ ಜೌಗಿಗೆ ಕೊರ್ಸ್ ಎನ್ನುತ್ತಾರಂತೆ. ಸ್ಫ್ಯಾಗ್ನಮ್ ಎಂಬ ಪಾಚಿ ಒಣ ತೂಕದ ಇಪ್ಪತ್ತು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಸತ್ತು, ಕೊಳೆಯದೆ, ವರ್ಷಕ್ಕೆ ಒಂದು ಮಿಲಿಮೀಟರಿನಂತೆ ಕೂಡುತ್ತಾ ಸಾವಿರಾರು ವರ್ಷಕ್ಕೆ ಆಳುದ್ದದ ಕಪ್ಪು ನೆಲವಾಗುತ್ತದೆ. ಮಗಳು ಕಾಲು ಹೂತು ‘ಅಪ್ಪಾ’ ಎಂದು ಕೂಗಿದಾಗ ನನ್ನ ಬಾಯಿಂದ ಮಾವನ ಮಾತು ಬಂತು: ‘ಎಳೀಬೇಡ. ನಿಲ್ಲು.’

ಬ್ರಿಟನ್ನಿನ ಅತಿ ಉದ್ದದ ನದಿ ಸೆವರ್ನ್, 354 ಕಿ.ಮೀ., ಹುಟ್ಟುವುದು ಈ ಬೆಟ್ಟದ ಕೆಸರಿನಲ್ಲಿ. ವೇಲ್ಸಿನವರು ಅದನ್ನು ಹಾವ್ರೆನ್ ಎನ್ನುತ್ತಾರೆ. ನೀರಿನಲ್ಲಿ ಮುಳುಗಿಸಲ್ಪಟ್ಟ ಒಬ್ಬ ಹುಡುಗಿಯ ಹೆಸರು ಅದು ಎಂಬುದು ಕಥೆ. ವೈ ಮತ್ತು ರೈಡೋಲ್ ಅವಳ ತಂಗಿಯರು, ಅವರೂ ಇದೇ ಬೆಟ್ಟದವರು. ಹೆಣ್ಣು ನದಿಯಾದ ಕಥೆಯನ್ನು ಅಷ್ಟು ದೂರ ಹೋಗಿ ಕೇಳಿ ನನಗೆ ನೆಂಟರ ಮನೆಗೆ ಬಂದಂತಾಯಿತು. ಆದರೆ ಮೂಲದಲ್ಲಿ ನಮ್ಮ ಬ್ರಹ್ಮಕುಂಡಿಕೆಯಂಥ ಕಲ್ಲಿನ ಕಟ್ಟೆಯಿಲ್ಲ, ತುಲಾ ಸಂಕ್ರಮಣದ ಜನಜಾತ್ರೆಯಿಲ್ಲ. ಒಂದು ಮರದ ಕಂಬ ನೆಟ್ಟು ಇದು ಸೆವರ್ನಿನ ಹುಟ್ಟು ಎಂದು ಎರಡು ಭಾಷೆಯಲ್ಲಿ ಕೆತ್ತಿದ್ದಾರೆ. ಅದರ ಬುಡದಲ್ಲಿ ಕಪ್ಪು ನೀರಿನ ಸಣ್ಣ ಗುಂಡಿ. ನನ್ನ ಶೂ ನುಂಗಿದ ಗುಂಡಿಯಷ್ಟೇ.

ಮಾವ ಇದ್ದಿದ್ದರೆ ಹೇಳಬೇಕಾಗಿದ್ದ ಸಂಗತಿ ಇನ್ನೊಂದಿದೆ. ಅದೇ ಬೆಟ್ಟದ ಎರಡು ಕಣಿವೆಗಳಲ್ಲಿ 1960ರ ದಶಕದ ಕೊನೆಯಿಂದ ವಿಜ್ಞಾನಿಗಳು ಬಿದ್ದ ಮಳೆಯನ್ನೂ ಹೊಳೆಯಲ್ಲಿ ಹೊರಟ ನೀರನ್ನೂ ಅಳೆಯುತ್ತಾ ಬಂದಿದ್ದಾರೆ. ವೈ ಹುಟ್ಟುವ ಕಣಿವೆಯಲ್ಲಿ ಹುಲ್ಲು, ಕುರಿ. ಸೆವರ್ನ್ ಹುಟ್ಟುವ ಕಣಿವೆಯಲ್ಲಿ ನೆಟ್ಟು ಬೆಳೆಸಿದ ಸೂಚಿಪರ್ಣಿ ತೋಪು. ಮರ ಹೆಚ್ಚಿದ್ದ ಕಣಿವೆಯಿಂದ ಹೊರಬಂದ ನೀರು ಕಡಿಮೆಯೆಂದು ಲೆಕ್ಕ ತೋರಿಸಿತು. ಒದ್ದೆಯಾದ ಎಲೆಗಳ ಮೇಲಿಂದಲೇ ಮಳೆಯ ಒಂದು ಪಾಲು ನೆಲ ಮುಟ್ಟದೆ ಆವಿಯಾಗುತ್ತದೆ. ಗಿಡ ನೆಟ್ಟಷ್ಟೂ ಹೊಳೆ ತುಂಬುತ್ತದೆ ಎಂದು ವನಮಹೋತ್ಸವದ ಭಾಷಣ ಕೇಳಿ ಬೆಳೆದ ನನಗೆ ಇದು ಹೊಸದು. ಪಶ್ಚಿಮಘಟ್ಟದ ಎಷ್ಟೋ ಕಡೆ ಹುಲ್ಲಿನ ಗುಡ್ಡಗಳನ್ನು ಖಾಲಿ ಬಿದ್ದ ನೆಲವೆಂದು ತಿಳಿದು ಅಕೇಶಿಯ, ನೀಲಗಿರಿ ನೆಟ್ಟಿದ್ದೇವೆ. ಹುಲ್ಲು, ಮಡಿಕೆಯಲ್ಲಿ ಶೋಲಾ, ನಡುವೆ ಹಡ್ಲು ಎಂಬ ಏರ್ಪಾಡನ್ನು ಬೆಟ್ಟ ತನಗೆ ಬೇಕಾದಂತೆ ಮಾಡಿಕೊಂಡಿತ್ತು. ಜಮಾ, ಖರ್ಚು ಎರಡನ್ನೂ ಬರೆಯುವ ರೈಟರುಗಳು ಆ ಪುಟ್ಟ ಬೆಟ್ಟಕ್ಕೆ ಸಿಕ್ಕಿದ್ದರು. ನಮ್ಮದಕ್ಕೆ ಬರಿಗಾಲಿನ ಒಬ್ಬರಿದ್ದರು, ಅವರ ಬಳಿ ಒಂದೇ ಕಾಲಮ್ಮು.

ಎರಡು ವರ್ಷಕ್ಕೆ, 2018ರ ಆಗಸ್ಟ್ ಬಂತು. ಅಂಕಿ ಬರೆಯಲು ಕೈ ಏಳದ ತಿಂಗಳು ಅದು. ರಾತ್ರಿ ಎರಡು ಸಲ ಎದ್ದು ಮಾಪಕ ಖಾಲಿ ಮಾಡಿದ್ದೇನೆ, ತುಂಬಿ ಚೆಲ್ಲಿದರೆ ಲೆಕ್ಕ ತಪ್ಪುತ್ತದೆಂದು. ಆ ಮಧ್ಯೆ ಜೋಡುಪಾಲದಿಂದ, ಮಕ್ಕಂದೂರಿನಿಂದ, ಹಟ್ಟಿಹೊಳೆಯಿಂದ ಸುದ್ದಿ ಬರತೊಡಗಿತು. ಗುಡ್ಡ ಜಾರಿತು ಎಂಬ ಮಾತು ನಮಗೆ ಹೊಸದಲ್ಲ. ಗುಡ್ಡ ಹರಿಯಿತು ಎಂದು ಜನ ಹೇಳುವುದನ್ನು ಮೊದಲ ಸಲ ಕೇಳಿದೆ. ತೋಟ, ಮನೆ, ರಸ್ತೆ ಎಲ್ಲ ಗಂಜಿಯಂತೆ ಇಳಿದಿತ್ತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಮಳೆ ಅತಿಯಾದದ್ದು ನಿಜ. ಜೊತೆಗೆ ಇಳಿಜಾರುಗಳ ಬುಡ ಕಡಿದದ್ದನ್ನು, ನೀರು ತಾನಾಗಿ ಇಳಿಯುವ ದಾರಿ ಮುಚ್ಚಿದ್ದನ್ನು ಭೂವಿಜ್ಞಾನಿಗಳು ಕಾರಣಗಳ ಪಟ್ಟಿಗೆ ಸೇರಿಸಿದರು.

ಆ ಪಟ್ಟಿ ಓದುವಾಗ ನಾನು ನನ್ನ ಮನೆಯ ಹಿಂಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಗೋಡೆ ತಣ್ಣಗಿತ್ತು. ಮುಟ್ಟಿದರೆ ಒದ್ದೆ.

ಈ ಮನೆ ಕಟ್ಟಿದ್ದು 2004ರಲ್ಲಿ, ಗದ್ದೆಯ ತಲೆಯಲ್ಲಿ. ಅಲ್ಲೊಂದು ಮೂಲೆ ವರ್ಷವಿಡೀ ಕೆಸರು. ನಾಟಿಗೂ ಬಾರದು, ದನ ಕಟ್ಟಲೂ ಆಗದು. ‘ವೇಸ್ಟ್ ಜಾಗ’ ಎಂದೆ. ಜೆಸಿಬಿ ತರಿಸಿ ಬಾಣೆಯ ದಿಬ್ಬ ಕಡಿಸಿ ಆ ಮಣ್ಣನ್ನೇ ಅಲ್ಲಿಗೆ ಸುರಿದು ಸಮ ಮಾಡಿಸಿದೆ. ಒಂದೇ ದಿನದ ಕೆಲಸ. ಬೆಟ್ಟದ ಮೇಲೆ ಬಂಡೆಯಲ್ಲಿ ಕೂತು ಕೇಳಿದ ಪಾಠವೂ, ಮಾವನ ಪುಸ್ತಕಗಳೂ ಆ ಹೊತ್ತಿಗೆ ನನ್ನ ಬಳಿ ಇದ್ದವು. ಓದಿಯೂ ಇದ್ದೆ. ಮನೆಯ ಕೆಳಗಿನ ಕೆಸರು, ತಡಿಯಂಡಮೋಳಿನ ಕೆಸರು ಒಂದೇ ಪೈಕಿ ಎಂದು ಹೊಳೆಯಲಿಲ್ಲ. ಆ ಮೇಲಿನದು ಪ್ರಕೃತಿ, ಈ ಕೆಳಗಿನದು ನನ್ನ ಸೈಟು. ಮರುವರ್ಷದಿಂದ ಕೆಳಗಿನ ಗದ್ದೆಯವರ ತೋಡು ಮಾರ್ಚಿಗೇ ಬತ್ತತೊಡಗಿತು. ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಭತ್ತ ಬಿಟ್ಟು ಶುಂಠಿ ಹಾಕಿದರು, ಆಮೇಲೆ ಅಡಿಕೆ. ಆಗಸ್ಟ್ ಬಂದರೆ ನಮ್ಮ ಹಿಂದಿನ ಕೋಣೆಯ ನೆಲದಲ್ಲಿ ಟೈಲ್ಸಿನ ಸಂದಿಯಿಂದ ನೀರು ಜಿನುಗುತ್ತದೆ. ಒಳ್ಳೆಯ ನೀರು, ಕನ್ನಡಿಯಂತೆ ತಿಳಿ. 2018ರ ನಂತರ ಆ ಗೋಡೆಯ ಪಕ್ಕ ಮಣ್ಣು ಬಗೆಸಿ ಒಂದು ಕಾಲುವೆ ಬಿಡಿಸಿದ್ದೇನೆ. ಮುಚ್ಚಲು ಒಂದು ದಿನ ಸಾಕಾಗಿತ್ತು. ಬಿಡಿಸಲು ಮೂರು ಮಳೆಗಾಲ ಬೇಕಾಯಿತು, ಪೂರ್ತಿ ಬಿಟ್ಟಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮತ್ತೆ ತಡಿಯಂಡಮೋಳಿಗೆ ಹೋದೆ. ಈಗ ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಮಾಡಬೇಕು. ಅರಮನೆಯ ಬಳಿ ಬೆಂಗಳೂರಿನ ಟೆಂಪೊ ಟ್ರಾವೆಲರುಗಳ ಸಾಲು, ಬಣ್ಣದ ರೇನ್‌ಕೋಟುಗಳ ಸಾಲು. ನನಗೆ ಮಂಡಿ ನೋವು; ತುದಿಯ ಆಸೆ ಇರಲಿಲ್ಲ. ಹುಲ್ಲು ತೆರೆದುಕೊಂಡ ಕಡೆ ಮಂಜು ಹಾಗೇ ಇತ್ತು. ಎಡಕ್ಕೆ ಇಳಿದೆ. ಹಡ್ಲು ಇದೆ. ದಾರಿಯ ಕಡೆಯ ಅಂಚು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿದೆ, ಎರಡು ನೀರಿನ ಬಾಟಲಿ ಬಿದ್ದಿವೆ. ಒಳಗಡೆ ಬಿಳಿ ಗುಂಡಿಹೂ, ನೀಲಿ ಚುಕ್ಕೆ, ಕೆಂಪು ರೋಮದ ಎಲೆ. ಬಂಡೆಯ ಬುಡದ ಒಸರು ಇನ್ನೂ ಬೆರಳಷ್ಟು ದಪ್ಪವಿತ್ತು. ನನ್ನ ಬೆರಳೂ ದಪ್ಪವಾಗಿದೆ, ಆದ್ದರಿಂದ ಲೆಕ್ಕ ಹೇಳಲಾರೆ.

ಮೇಲಿನಿಂದ ಕೂಗು ಕೇಳಿಸಿತು. ಫೋಟೊಕ್ಕೆಂದು ಗುಂಪು ಬಿಟ್ಟು ಇಳಿದು ಬಂದ ಹುಡುಗನೊಬ್ಬ ಹಡ್ಲಿನ ನಡುವೆ ಮೊಣಕಾಲು ಹೂತು ನಿಂತಿದ್ದ. ದುಬಾರಿ ಶೂ ಇರಬೇಕು, ಮುಖ ನೋಡಿದರೆ ತಿಳಿಯುತ್ತಿತ್ತು. ‘ಎಳೀಬೇಡಪ್ಪ’ ಎಂದು ಕೂಗಿದೆ. ‘ನಿಲ್ಲು. ಹಿಮ್ಮಡಿ ಅಲ್ಲಾಡಿಸು. ನೀರು ಇಳಿಯಲಿ.’ ಅನುಮಾನದಿಂದಲೇ ನಿಂತ. ಅಲ್ಲಾಡಿಸಿದ. ಒಂದೆರಡು ನಿಮಿಷಕ್ಕೆ ಕಾಲು ಬಂತು, ಶೂ ಸಮೇತ. ಹುಲ್ಲಿನ ಬುಡಗಳನ್ನು ತೋರಿಸುತ್ತಾ ದಡಕ್ಕೆ ಕರೆದೆ. ಬಂಡೆಯ ಮೇಲೆ ಕೂತು ಕೆಸರು ಒರೆಸಿಕೊಳ್ಳುತ್ತಾ, ‘ಥ್ಯಾಂಕ್ಸ್ ಅಂಕಲ್, ನೀವು ಟಾಪ್‌ಗೆ ಹೋಗಿ ಬಂದ್ರಾ?’ ಎಂದ.

‘ಇಲ್ಲ’ ಎಂದೆ. ನಲವತ್ತು ವರ್ಷಕ್ಕೂ ಮಿಕ್ಕಿ ಬಾಕಿಯಿದ್ದ ಉತ್ತರ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಾಪಕದ ನೀರನ್ನು ಗಾಜಿಗೆ ಸುರಿದೆ. ಎರಡು ದಿನದ್ದು ಒಟ್ಟಿಗೆ ಬಂದಿತ್ತು. ಹಿಂದಿನ ದಿನದ ಎದುರು ಅಡ್ಡಗೆರೆ ಎಳೆದು, ಅಳತೆ ಬರೆದು, ಗಾಜಿನ ನೀರನ್ನು ಹಿಂಗೋಡೆಯ ಕಾಲುವೆಗೆ ಹಾಕಿದೆ.